ಕಟ್ಟಿಗೆಯ ರಿವಾಲ್ವರು, ಕಂಬಳಿಯ ಕರಡಿ

ನಾನು ಸೇವೆಯಿಂದ ನಿವೃತ್ತನಾದಾಗ ನನಗೆ ಮೂವತ್ನಾಲ್ಕು ವರ್ಷ. ನಗಬೇಡಿ. ಶಾಲು ಹೊದಿಸಿಕೊಂಡೇ ನಿವೃತ್ತನಾಗಿದ್ದೇನೆ. ಸಮಾರಂಭದಲ್ಲಿ ಇದ್ದವರು ಇಬ್ಬರೇ: ಒಬ್ಬ ನಾನು, ಇನ್ನೊಬ್ಬರು ನನ್ನ ಜೊತೆಗೇ ನಿವೃತ್ತರಾದ ನನ್ನ ಮಾಲೀಕರು. ಶಾಲು ಒಂದೇ ಇತ್ತು. ಮೊದಲು ನಾನು ಅವರಿಗೆ ಹೊದಿಸಿ ಚಪ್ಪಾಳೆ ತಟ್ಟಿದೆ. ಆಮೇಲೆ ಅವರು ಅದನ್ನೇ ತೆಗೆದು ನನಗೆ ಹೊದಿಸಿ ಚಪ್ಪಾಳೆ ತಟ್ಟಿದರು, ತಟ್ಟಿ ಮುಗಿದ ಕೂಡಲೇ ವಾಪಸು ಎಳೆದುಕೊಂಡರು. "ಥಂಡಿ ಐತಿ ದಾವಲ್, ನೀ ಇನ್ನೂ ಹರೇದಾಂವ ಇದ್ದಿ," ಅಂದರು. ಗದಗ-ಬೆಟಗೇರಿಯ ಒಂದು ಹಳೆಯ ಬಂದೂಕಿನ ಅಂಗಡಿ ಹೀಗೆ ಬಾಗಿಲು ಹಾಕಿತು.

ಈಗಲೂ ಒಬ್ಬಿಬ್ಬರು ಹುಡುಗರು ಹುಬ್ಬಳ್ಳಿಯ ಕಡೆ ಬಂದೂಕಿನ ಅಂಗಡಿಗೆ ಕೆಲಸಕ್ಕೆ ಸೇರುತ್ತಾರೆ. ಸೇರುವ ಮೊದಲು ನನ್ನ ಹತ್ತಿರ ಬಂದು, ಮೊಬೈಲನ್ನು ಬೆರಳಿನ ಮೇಲೆ ಗರಗರ ತಿರುಗಿಸುತ್ತ, "ಅಣ್ಣಾ, ಕೆಲಸ ಹೆಂಗಿರತೈತಿ?" ಎಂದು ಕೇಳುತ್ತಾರೆ. ತಮ್ಮಂದಿರೇ, ಕೆಲಸ ಎಣ್ಣೆಯ ವಾಸನೆ ಹೊಡೆಯುತ್ತದೆ. ನಾನು ಅಲ್ಲಿದ್ದಷ್ಟು ವರ್ಷ ಕೇಳಿದ್ದು ಗುಂಡಿನ ಸದ್ದಲ್ಲ, ಮಾಲೀಕರ ಕೆಮ್ಮಿನ ಸದ್ದು. ಬರುವುದೆಲ್ಲ ರೈತರ ಹಳೆಯ ಕೇಪಿನ ಬಂದೂಕು. ಹಂದಿ ಓಡಿಸಲು ಇಟ್ಟುಕೊಂಡದ್ದು. ನಳಿಗೆಯೊಳಗೆ ಕಡಜ ಗೂಡು ಕಟ್ಟಿರುತ್ತದೆ. ಗುಂಡಿಗಿಂತ ಆ ಕಡಜಗಳಿಂದಲೇ ನನಗೆ ಜಾಸ್ತಿ ಗಾಯವಾಗಿದೆ.

ಚುನಾವಣೆ ಬಂತೆಂದರೆ ಮಾತ್ರ ನಮ್ಮಲ್ಲಿ ಸಂತೆ. ಲೈಸೆನ್ಸ್ ಇದ್ದವರೆಲ್ಲ ಆಗ ಬಂದೂಕು ಠೇವಣಿ ಇಡಬೇಕು. ಸುತ್ತಲಿನ ಊರುಗಳ ಬಂದೂಕುಗಳು ಹೆಸರಿನ ಚೀಟಿ ಕಟ್ಟಿಸಿಕೊಂಡು ನಮ್ಮ ಗೋಡೆಗೆ ಒರಗಿ ನಿಲ್ಲುತ್ತಿದ್ದವು. ಹೊಂಬಳದ ಗೌಡರೊಬ್ಬರು ಸಂತೆಯ ದಿನ ತಪ್ಪದೆ ಬಂದು, ಮಗನನ್ನು ಹಾಸ್ಟೆಲಿನಲ್ಲಿ ಬಿಟ್ಟವರಂತೆ, ಬಂದೂಕಿನ ಮುಂದೆ ಕೂತಿರುತ್ತಿದ್ದರು.

"ಎಣ್ಣಿ ಹಚ್ಚೀರೇನ್ರಿ? ಯಾಕೋ ಸೊರಗಿದಂಗ ಕಾಣತೈತಿ."

"ಮನಿ ನೆನಪಾಗೇತ್ರಿ ಗೌಡ್ರ," ಎಂದು ನಾನು ಅವರದೇ ದನಿಯಲ್ಲಿ ಹೇಳುತ್ತಿದ್ದೆ. ಅವರು ಬೈದುಕೊಂಡು ಎದ್ದು ಹೋಗುತ್ತಿದ್ದರು, ಮುಂದಿನ ಸಂತೆಗೆ ಮತ್ತೆ ಬರುತ್ತಿದ್ದರು.

ನನಗೆ ಈ ಚಟ ಹುಟ್ಟಿನಿಂದ ಬಂದದ್ದು. ಯಾರನ್ನು ನೋಡಿದರೂ ಅವರ ನಡಿಗೆ ನನ್ನ ಕಾಲಿಗೆ ಬರುತ್ತದೆ, ಅವರ ದನಿ ನನ್ನ ಗಂಟಲಿಗೆ. ಕೆಲಸ ಸಿಕ್ಕದ್ದೂ ಇದರಿಂದಲೇ. ಮಾಲೀಕರ ಹೆಸರು ಖಾಸೀಮಸಾಬರು. ಊರಿಗೆಲ್ಲ ಖಾಸೀಂ ಚಾಚಾ. ಮೂರು ತಲೆಮಾರಿನಿಂದ ಬಂದೂಕು ರಿಪೇರಿಯ ಮನೆತನ. ಒಂದು ದಿನ ಅವರ ಅಂಗಡಿಯ ಮುಂದೆಯೇ ನಿಂತು ಗೆಳೆಯರಿಗೆ ಅವರ ಕೆಮ್ಮು ಮಾಡಿ ತೋರಿಸುತ್ತಿದ್ದೆ. ಗೆಳೆಯರು ನಗುವುದನ್ನು ಒಮ್ಮೆಲೇ ನಿಲ್ಲಿಸಿದರು. ತಿರುಗಿ ನೋಡಿದರೆ ಚಾಚಾ ಬೆನ್ನ ಹಿಂದೆ ನಿಂತಿದ್ದರು.

"ಛಲೋ ಮಾಡ್ತಿ," ಅಂದರು. "ಆದ್ರ ನಾ ಕೆಮ್ಮೂವಾಗ ಎಡಗೈ ಎದಿ ಮ್ಯಾಲೆ ಇಡತೇನಿ. ಅದನ್ನ ಬಿಟ್ಟೀಯಲ್ಲ. ನಾಳಿಂದ ಅಂಗಡಿಗೆ ಬಾ, ಸಮೀಪದಿಂದ ನೋಡಿ ಕಲಿ."

ನಾನು ಸೇರಿದ ಹೊಸತರಲ್ಲಿ ಮಾಡಿದ ಅನಾಹುತ ಒಂದೇ ಎರಡೇ? ಒಮ್ಮೆ ಅಂಗಡಿಯ ಫೋನು ಎತ್ತಿಕೊಂಡು ಚಾಚಾನ ದನಿಯಲ್ಲಿ ಗತ್ತಿನಿಂದ "ಹೂಂ, ಹೇಳು," ಅಂದೆ. ಆ ಕಡೆ ಇದ್ದವರು ಚಾಚಿ. ಮಟನ್ ತರಬೇಕು, ಪುದೀನ ತರಬೇಕು, ಬೀಗರು ಬಂದಿದ್ದಾರೆ ಎಂದು ಹೇಳಿದರು. "ಆತು," ಎಂದು ಕೆಮ್ಮಿ ಇಟ್ಟೆ, ಇಟ್ಟವನು ಮರೆತೆ. ಅವತ್ತು ಬೀಗರ ಮುಂದೆ ಬೇಳೆಸಾರು ಉಂಡ ಚಾಚಾ ಮರುದಿನ ನನಗೆ ಕಡಜದ ಗೂಡಿದ್ದ ಐದು ಬಂದೂಕುಗಳನ್ನು ಒಟ್ಟಿಗೇ ಕೊಟ್ಟರು.

ಅವರು ಕಲಿಸಿದ ಮೊದಲ ಪಾಠವನ್ನು ಇಲ್ಲೇ ಹೇಳಿಬಿಡುತ್ತೇನೆ. "ಖಾಲಿ ಬಂದೂಕು ಅಂಬೂದು ಈ ಜಗತ್ತಿನಾಗ ಇಲ್ಲ, ದಾವಲ್." ತೆರೆದು ನೋಡಿ, ಬೆರಳು ಹಾಕಿ ನೋಡಿ, ಇನ್ನೊಬ್ಬರಿಗೂ ತೋರಿಸಿ, ಆಮೇಲೂ ಅದನ್ನು ಮನುಷ್ಯರ ಕಡೆ ಹಿಡಿಯಬಾರದು. ಹುಡುಗರೇ, ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಇನ್ನು ಕರಡಿಯ ಮಾತು. ಕಪ್ಪತಗುಡ್ಡದ ಬುಡದಲ್ಲಿ ಸೀತಾಫಲ ಹಣ್ಣಾಗುವ ಕಾಲಕ್ಕೆ ನಮ್ಮ ಅಂಗಡಿಯಲ್ಲಿ ಕರಡಿಯ ಸುದ್ದಿಯೂ ಹಣ್ಣಾಗುತ್ತಿತ್ತು. ಮುಂಡರಗಿ ಕಡೆಯವರು, ಶಿರಹಟ್ಟಿ ಕಡೆಯವರು ಬಂದು ಕೇಳುತ್ತಿದ್ದದ್ದು ಒಂದೇ: "ಸೊಂಟದಾಗ ಇಟಗೊಳ್ಳಾಕ ಒಂದು ರಿವಾಲ್ವರ್ ಬೇಕ್ರಿ. ದೊಡ್ಡ ಬೋರಿಂದು." ನಮ್ಮಂಥವರಿಗೆ ಹೊಸದಾಗಿ ಸಿಗುವುದು ಸಣ್ಣ ಬೋರಿನದು, ಅಂದರೆ ಸಣ್ಣ ನಳಿಗೆಯ ಮೂವತ್ತೆರಡು. ದೊಡ್ಡ ಬೋರಿನವು ಅಜ್ಜ-ಅಪ್ಪಂದಿರ ಕಾಲದಿಂದ ಲೈಸೆನ್ಸಿನ ಜೊತೆ ಇಳಿದು ಬಂದ ಹಳೆಯವು ಮಾತ್ರ. ಒಂದೊಂದು ನಮ್ಮ ತೂಕದ ಕಲ್ಲಿನಷ್ಟು ಭಾರ, ಅದರ ಕಾಡತೂಸು ಹುಡುಕುವಷ್ಟರಲ್ಲಿ ಕಾಲಿನ ಜೋಡು ಸವೆಯುತ್ತದೆ. ಚಾಚಾ ಎರಡನ್ನೂ ಮೇಜಿನ ಮೇಲಿಟ್ಟು ಗಿರಾಕಿಗೆ ಹೇಳುತ್ತಿದ್ದರು:

"ಸಣ್ಣದರಿಂದ ಹೊಡದ್ರ ಕರಡಿ ಸಿಟ್ಟಿಗೇಳತೈತಿ. ದೊಡ್ಡದನ್ನ ಹೊರಗ ತಗಿಯೂದರಾಗ ಕರಡಿ ಕೆಲಸ ಮುಗಿಸಿ ಕೈ ತೊಳಕೋತೈತಿ. ಯಾವದು ಕೊಡ್ಲಿ?"

ಯಾರೂ ನಂಬುತ್ತಿರಲಿಲ್ಲ. ಲಕ್ಷ್ಮೇಶ್ವರದ ಅಡತಿ ಅಂಗಡಿಯ ಸಾಹುಕಾರರೊಬ್ಬರು, "ನಾ ಕಣ್ಣು ಮುಚ್ಚಿ ತೆರಿಯೂದರಾಗ ತಗದಿರತೇನ್ರಿ," ಎಂದು ತೊಡೆ ತಟ್ಟಿದರು. ಚಾಚಾ ವಾರಗಟ್ಟಲೆ ಕೂತು ತೇಗದ ಕಟ್ಟಿಗೆಯಲ್ಲಿ ಎರಡು ರಿವಾಲ್ವರ್ ಕೆತ್ತಿದರು, ಒಂದು ಸಣ್ಣದು, ಒಂದು ದೊಡ್ಡದು. ಒಳಗೆ ಸೀಸ ಹೊಯ್ದು ಅಸಲಿಯ ತೂಕಕ್ಕೆ ಸರಿಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ಮೊಹರಮ್ಮಿನ್ಯಾಗ ಕರಡಿ ಸೋಗು ಹಾಕ್ತಿಯಲ್ಲ, ಆ ಕಂಬಳಿ ಎಲ್ಲೈತಿ?" ಅಂದರು.

ನಮ್ಮ ಕರಡಿ ಪರೀಕ್ಷೆ ಶುರುವಾದದ್ದು ಹೀಗೆ. ಅಂಗಡಿಯ ಹಿತ್ತಲಲ್ಲಿ ಗಿರಾಕಿ ಕಟ್ಟಿಗೆಯ ರಿವಾಲ್ವರನ್ನು ಸೊಂಟದ ಚರ್ಮದ ಒರೆಯಲ್ಲಿಟ್ಟುಕೊಂಡು ಅತ್ತಿಂದಿತ್ತ ನಡೆಯಬೇಕು. ಸೌದೆ ರಾಶಿಯ ಹಿಂದಿನಿಂದ ನಾನು ಕರಿ ಕಂಬಳಿ ಹೊದ್ದು ನುಗ್ಗುತ್ತೇನೆ. ನಾನು ಮುಟ್ಟುವ ಮೊದಲು ರಿವಾಲ್ವರ್ ತೆಗೆದು ಬಾಯಲ್ಲಿ 'ಢಂ' ಅಂದರೆ ಗಿರಾಕಿ ಗೆದ್ದಂತೆ. ನಾನು ಸತ್ತು ಬೀಳಬೇಕು. ಮುಟ್ಟಿದರೆ ಕರಡಿ ಗೆದ್ದಂತೆ.

ಸಾಹುಕಾರರ ರಿವಾಲ್ವರು ಧೋತರದ ಗಂಟಿಗೆ ಸಿಕ್ಕಿಕೊಂಡಿತು. 'ಢಂ' ಅನ್ನುವ ಬದಲು "ಯವ್ವಾ!" ಅಂದರು, ಪಕ್ಕದ ನೀರಿನ ತೊಟ್ಟಿಯಲ್ಲಿ ಕೂತರು. ಮುಳಗುಂದದ ನಿವೃತ್ತ ಸುಬೇದಾರರು ಮಾತ್ರ ಗಡಿ ಕಾಯ್ದ ಮನುಷ್ಯ, ಸಲೀಸಾಗಿ ತೆಗೆದು ಗಟ್ಟಿಯಾಗಿ 'ಢಂ' ಅಂದರು. ಆದರೆ ಕನ್ನಡಕ ಜಾರಿತ್ತು. ಅವರು ಗುರಿ ಹಿಡಿದದ್ದು ಚಾಚಿ ಒಣಹಾಕಿದ್ದ ದುಪಟ್ಟಾಕ್ಕೆ. ಬಹಳ ಜಂಬ ಪಡುತ್ತಿದ್ದ ನನ್ನನ್ನೂ ಚಾಚಾ ಒಮ್ಮೆ ಪರೀಕ್ಷೆಗೆ ನಿಲ್ಲಿಸಿದರು. ತಾವೇ ಕಂಬಳಿ ಹೊದ್ದರು. ಓಡಲೂ ಇಲ್ಲ, ಕೆಮ್ಮುತ್ತ ನಡೆದು ಬಂದರು. ನಾನು ದೊಡ್ಡ ರಿವಾಲ್ವರನ್ನು ನನ್ನ ಕಾಲ್ಬೆರಳ ಮೇಲೆ ಹಾಕಿಕೊಂಡು ಎರಡು ದಿನ ಕುಂಟಿದೆ. ಆ ನಡಿಗೆಯನ್ನು ಈಗಲೂ ಚಾಚಿ ಮಾಡಿ ತೋರಿಸುತ್ತಾರೆ.

ಅಷ್ಟು ಪರೀಕ್ಷೆಗಳಲ್ಲಿ ಒಂದೇ ಒಂದು ಸಲವೂ ನಾನು ಸತ್ತು ಬೀಳಬೇಕಾಗಿ ಬಂದಿರಲಿಲ್ಲ. ಹಿರೇವಡ್ಡಟ್ಟಿಯ ನೀಲವ್ವ ಬರುವ ತನಕ.

ನೀಲವ್ವನವರನ್ನು ನೋಡುವ ಮೊದಲೇ ನಾನು ಅವರ ದನಿ ಕೇಳಿದೆ. ಅವರು ರಸ್ತೆಯ ಆಚೆ ಬದಿಯಿಂದ, "ಬಂದೂಕಿನ ಅಂಗಡಿ ಇದ ಏನ್ರೀ?" ಎಂದರೆ ನಮ್ಮ ಕಪಾಟಿನ ಎಣ್ಣೆ ಬಾಟಲಿಗಳು ಕಿಣಿಕಿಣಿ ಅಂದವು. ಎರಡು ಹೊಲದಾಚೆಯ ಆಳುಗಳನ್ನು ಕೂಗಿ ಕೂಗಿ ಪಳಗಿದ ಗಂಟಲು. ನಲವತ್ತೈದರ ಗಟ್ಟಿ ಹೆಣ್ಣುಮಗಳು. ಚೀಲದಿಂದ ಬಟ್ಟೆ ಸುತ್ತಿದ ಒಂದು ಗಂಟು ತೆಗೆದು ಮೇಜಿನ ಮೇಲಿಟ್ಟರು. ದೊಡ್ಡ ಬೋರಿನ ಹಳೆಯ ರಿವಾಲ್ವರ್. "ನಮ್ಮಪ್ಪಂದು. ಹೊಲಾನೂ ಅವಂದ, ಇದೂ ಅವಂದ. ಎರಡೂ ನನ್ನ ಹೆಸರಿಗೆ ಬಂದಾವು. ಇದು ನನಗ ನಡೀತೈತೋ, ಹೊಸಾ ಸಣ್ಣದು ತಗೊಳ್ಳಲೋ, ಹೇಳ್ರಿ ಚಾಚಾ. ಜಲ್ದಿ ಹೇಳ್ರಿ, ಶೇಂಗಾ ಕೀಳೂ ಹೊತ್ತು ಬಂದೈತಿ."

ಅವರ ಹೊಲ ಗುಡ್ಡದ ಬುಡದಲ್ಲಿ, ಹಳ್ಳದ ದಂಡೆಗೆ. ಹಳ್ಳದ ತುಂಬ ಸೀತಾಫಲದ ಪೊದೆ. ಆ ವರ್ಷ ಅಲ್ಲಿ ಕುರಿ ಕಾಯುವವನೊಬ್ಬನ ಭುಜಕ್ಕೆ ಕರಡಿ ಉಗುರು ಹಾಕಿತ್ತು. ಅವನು ಬದುಕಿದ, ಆದರೆ ಆಳು ಹೆಣ್ಣುಮಕ್ಕಳು ಹೊಲಕ್ಕೆ ಬರುವುದನ್ನು ಬಿಟ್ಟರು. ಶೇಂಗಾ ನೆಲದೊಳಗೇ ಉಳಿದು ಮೊಳಕೆ ಒಡೆಯುವ ಹಾಗಾಗಿತ್ತು. ಬಗಲಿನ ಹೊಲದವನು ಬಸಣ್ಣ, ಅವರ ದೊಡ್ಡಪ್ಪನ ಮಗ. "ಹೆಣಮಗಳಾಗಿ ಕರಡಿ ಕೂಡ ಗುದ್ದಾಡ್ತಿಯೇನ? ಹೊಲ ನನಗ ಲಾವಣಿ ಹಾಕು, ಮನ್ಯಾಗ ಆರಾಮ ಇರು," ಎಂದು ಪಂಚರ ಮುಂದೆಯೇ ಹೇಳಿದ್ದ. ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟ ಹೊಲ ತಮ್ಮ ಜನ್ಮದಲ್ಲಿ ವಾಪಸು ಬಾರದು ಎಂಬುದು ನೀಲವ್ವನವರಿಗೆ ಗೊತ್ತಿತ್ತು. ಆಳುಗಳ ಮಾತು ಒಂದೇ: ನೀಲಕ್ಕ ರಿವಾಲ್ವರ್ ಹಿಡಿದು ಮುಂದೆ ನಡೆದರೆ ನಾವು ಹಿಂದೆ ಬರುತ್ತೇವೆ. ಪಂಚರು ಅದಕ್ಕೊಪ್ಪಿದ್ದರು, ಆಳು ಬಂದು ಶೇಂಗಾ ಕಿತ್ತರೆ ಹೊಲ ಅವರದು, ಬಾರದಿದ್ದರೆ ಲಾವಣಿ.

ಚಾಚಾ ರೂಢಿಯಂತೆ ಅವರ ಕೈ ನೋಡಿದರು. "ಬೆರಳು ಉದ್ದ ಅದಾವು, ಮಣಿಕಟ್ಟು ಗಟ್ಟಿ ಐತಿ. ದೊಡ್ಡದು ತಡಕೋತೈತಿ ಈ ಕೈ. ಆದ್ರ ಎಲ್ಲಿ ಇಟಗೋತೀಯವ್ವಾ?"

"ಕುಡಗೋಲು ಇಟ್ಟಲ್ಲಿ. ಹಿಂದ, ಸೊಂಟಕ್ಕ."

ಇಟ್ಟು ನೋಡಿದರು. ಸೀರೆಯ ನೆರಿಗೆಯೇ ಜಗ್ಗಿತು. ಸಣ್ಣದನ್ನು ಇಟ್ಟರೆ ಎಲ್ಲಿದೆ ಎಂದು ತಡಕಾಡಬೇಕಾಯಿತು. ಕೊನೆಗೆ ಚಾಚಾ ಸೀರೆಯ ಮೇಲೆ ಕಟ್ಟಿಕೊಳ್ಳುವ ಹಾಗೆ ಅಗಲವಾದ ಚರ್ಮದ ಪಟ್ಟಿ ಹೊಲಿದರು. ಹಿತ್ತಲಲ್ಲಿ ಪರೀಕ್ಷೆಯಾಯಿತು. ಮೊದಲ ಸಲ ನಾನು ನುಗ್ಗಿದಾಗ ನೀಲವ್ವ ರಿವಾಲ್ವರಿಗೆ ಕೈಯನ್ನೇ ಹಾಕಲಿಲ್ಲ. ಕೈಚೀಲದಿಂದ ನನ್ನ ತಲೆಗೆ ಕೊಟ್ಟರು. ಅದರೊಳಗೆ ತೆಂಗಿನಕಾಯಿ ಇತ್ತು.

"ಅಕ್ಕಾರ, ರಿವಾಲ್ವರ್ ತಗೀಬೇಕ್ರಿ!" ನಾನು ನೆಲದ ಮೇಲಿಂದ ಹೇಳಿದೆ.

"ನೀ ಹಿಂಗ ಒಮ್ಮೆಲೆ ಬಂದ್ರ ನೆನಪು ಹಾರತೈತೆಪಾ ತಮ್ಮಾ."

ಸಣ್ಣದರಲ್ಲೂ ಸೋತರು, ದೊಡ್ಡದರಲ್ಲೂ ಸೋತರು. ಚಾಚಾ ಯೋಚಿಸಿ, "ಹಿತ್ತಲದಾಗ ಗೊತ್ತಾಗಂಗಿಲ್ಲ. ಹೊಲದಾಗ ನೋಡೂಣು," ಅಂದರು.

ಮರುದಿನ ಬೆಳಿಗ್ಗೆ ಮುಂಡರಗಿ ಬಸ್ಸು ಹತ್ತಿದೆವು. ಚೀಲದಲ್ಲಿ ಕರಡಿ, ಡಬ್ಬಿಯಲ್ಲಿ ಚಾಚಿ ಕೊಟ್ಟ ರೊಟ್ಟಿ. ಆಳು ಹೆಣ್ಣುಮಕ್ಕಳೆಲ್ಲ ನೋಡಲು ಬಂದಿದ್ದರು. ಬಸಣ್ಣನೂ ಟ್ರ್ಯಾಕ್ಟರ್ ತಂದು ನಿಲ್ಲಿಸಿ, ತಮಾಷೆ ನೋಡಲು ಅದರ ಸೀಟಿನಲ್ಲೇ ಕೂತಿದ್ದ. ನೀಲವ್ವನವರ ಸೊಂಟದ ಪಟ್ಟಿ ನೋಡಿ ಒಬ್ಬಳು, "ನೀಲಕ್ಕಾ, ಡಾಬ ಯಾವಾಗ ಮಾಡಿಸಿದ್ಯ? ಬಂಗಾರದ್ದು ಸಿಗಲಿಲ್ಲೇನ?" ಅಂದಳು. ಎಲ್ಲರೂ ನಕ್ಕರು. ಪಟ್ಟಿಯಲ್ಲಿದ್ದದ್ದು ಕಟ್ಟಿಗೆಯ ದೊಡ್ಡ ರಿವಾಲ್ವರ್. ಅಪ್ಪನ ಅಸಲಿ ಮನೆಯ ಟ್ರಂಕಿನಲ್ಲಿತ್ತು.

ನಾನು ಹಳ್ಳದ ಪೊದೆಗೆ ಹೋಗಿ ಕಂಬಳಿ ಹೊದ್ದು ಕೂತೆ. ಕಲಾವಿದ ನೋಡಿ, ಸುಮ್ಮನೆ ಕೂರಲಾಗಲಿಲ್ಲ. ಕರಡಿ ಹುತ್ತಕ್ಕೆ ಬಾಯಿ ಹಚ್ಚಿ ಗೆದ್ದಲು ಹೀರುವ ಸದ್ದು ಮಾಡಿದೆ. ಸೊರ್‌ರ್‌, ಫೂ. ಸೊರ್‌ರ್‌, ಫೂ.

ಎದುರಿನ ಪೊದೆಯಿಂದ ಅದೇ ಸದ್ದು ವಾಪಸು ಬಂತು. ನನ್ನದಕ್ಕಿಂತ ಎಷ್ಟೋ ಚೆನ್ನಾಗಿ.

ಚಾಚಾ ನನ್ನ ಜೊತೆ ಪೈಪೋಟಿಗೆ ಬಿದ್ದಿದ್ದಾರೆ ಅಂದುಕೊಂಡೆ. ಪೊದೆಗೆ ಹೇಳಿದೆ: "ಛಲೋ ಮಾಡ್ತೀರಿ ಚಾಚಾ. ಆದ್ರ ಕೆಮ್ಮು ಬಿಟ್ಟೀರಲ್ಲ!"

ಪೊದೆ ಎದ್ದು ನಿಂತಿತು. ಅದಕ್ಕೆ ಎದೆಯ ಮೇಲೆ ಬಿಳಿ ಗುರುತಿತ್ತು. ಆ ವಾಸನೆಯನ್ನು ಮಾತ್ರ ನನಗೆ ಇವತ್ತಿನ ತನಕ ಅನುಕರಿಸಲು ಆಗಿಲ್ಲ.

ನಾನು ಓಡಿದೆ. ಓಡಲಿಕ್ಕೆ ಇದ್ದದ್ದು ಒಂದೇ ದಾರಿ, ಪರೀಕ್ಷೆಗೆ ಗೊತ್ತುಮಾಡಿದ್ದ ದಾರಿ, ನೇರ ನೀಲವ್ವನವರ ಕಡೆ. ಅವರಿಗೆ ಕಂಡದ್ದು ಎರಡು ಕರಡಿ; ಮುಂದಿನದು ಚಪ್ಪಲಿ ಹಾಕಿತ್ತು. ನೀಲವ್ವ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಕಾಲು ಅಗಲಿಸಿ ನಿಂತು, ಕೈ ಮುಂದೆ ಚಾಚಿ, ಹೊಟ್ಟೆಯೊಳಗಿಂದ ದನಿ ತೆಗೆದರು:

"ಢಂ!"

ಅದು ಗುಡ್ಡಕ್ಕೆ ಬಡಿದು ವಾಪಸು ಬಂತು. ಹಿಂದಿದ್ದ ಹೆಣ್ಣುಮಕ್ಕಳು, ಇದೂ ಪರೀಕ್ಷೆಯೇ ಅಂದುಕೊಂಡವರು, ಹುರುಪಿನಿಂದ "ಢಂ! ಢಂ! ಢಂ!" ಎಂದು ಒಕ್ಕೊರಲಿನಲ್ಲಿ ಒದರಿದರು. ನಾನು ಮೊದಲ ಢಂಗೇ ಸತ್ತು ಬಿದ್ದೆ. ನಿಯಮ ಅಂದರೆ ನಿಯಮ. ಬಿದ್ದಲ್ಲಿಂದ ಒಂದು ಕಣ್ಣು ತೆರೆದು ನೋಡಿದರೆ, ಕರಡಿ ಗಕ್ಕನೆ ನಿಂತು, ಇಷ್ಟೊಂದು ಮಂದಿ ಯಾಕೆ ಬೈಯುತ್ತಿದ್ದಾರೆಂದು ತಿಳಿಯದ ಬೀಗರಂತೆ ಒಮ್ಮೆ ಎಲ್ಲರ ಮುಖ ನೋಡಿತು. ತಿರುಗಿ ಹಳ್ಳ ದಾಟಿ ಗುಡ್ಡ ಹತ್ತಿತು.

ಆಮೇಲೆ ಒಬ್ಬಳು ಸಣ್ಣ ದನಿಯಲ್ಲಿ, "ಎರಡು ಇದ್ದುವಲ್ಲಾ?" ಅಂದಳು. ಬಸಣ್ಣ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ನಿಂತಿದ್ದ. ಅಲ್ಲಿಗೆ ಯಾವಾಗ ಹತ್ತಿದನೋ ಅವನಿಗೂ ಗೊತ್ತಿರಲಿಲ್ಲ.

"ನೀಲವ್ವಾ," ಅವನ ದನಿ ನಡುಗುತ್ತಿತ್ತು, "ಯಾವದು ದಾವಲ್, ಯಾವದು ಖರೇ ಕರಡಿ ಅಂತ ಹೆಂಗ ಗೊತ್ತಾತು ನಿನಗ?"

"ಗೊತ್ತ ಆಗಲಿಲ್ಲ. ಎರಡಕ್ಕೂ ಅಂದೆ. ಒಂದು ಬಿತ್ತು, ಒಂದು ಓಡಿತು."

ಚಾಚಾ ಮೆಲ್ಲಗೆ ಬಂದು ಅವರ ಸೊಂಟದ ಪಟ್ಟಿ ನೋಡಿದರು. ಕಟ್ಟಿಗೆಯ ರಿವಾಲ್ವರು ಒರೆಯಲ್ಲೇ ಇತ್ತು. ನೀಲವ್ವ ಚಾಚಿದ್ದು ಬರೀ ತೋರುಬೆರಳು. ಅವರೂ ಆಗಲೇ ನೋಡಿಕೊಂಡದ್ದು. "ಅಯ್ಯ, ಇದನ್ನ ತಗೀಲೇ ಇಲ್ಲಲ್ಲ!" ಎಂದು ಬಾಯಿಗೆ ಸೆರಗು ಹಿಡಿದು ನಗಲು ಶುರು ಮಾಡಿದರು. ಅವರ ನಗುವೂ ಗುಡ್ಡಕ್ಕೆ ಬಡಿದು ವಾಪಸು ಬಂತು.

"ಈಗ ಹೇಳವ್ವಾ," ಚಾಚಾ ಕೇಳಿದರು. "ಸಣ್ಣದೋ, ದೊಡ್ಡದೋ?"

ಉತ್ತರ ಕೊಟ್ಟದ್ದು ಆಳುಗಳಲ್ಲಿ ಹಿರಿಯಳು. "ಯಾವದರ ಇರ್ಲಿ ಬಿಡ್ರಿ. ನಾವೆಲ್ಲಾ ಕೂಡಿ ಒದರ್ಕೋಂತ ಬಂದ್ರ ಅದು ಹಳ್ಳಕ್ಕ ಇಳಿಯಂಗಿಲ್ಲ. ಸುಮ್ಮ ಬರೋರಿಗೆ ಅಡ್ಡ ಆಗತೈತಿ ಅದು, ಸಪ್ಪಳ ಮಾಡೋರಿಗಲ್ಲ. ನೀಲಕ್ಕಾ, ನಾಳಿಂದ ಬರ್ತೇವಿ. ಬಸಣ್ಣಾ, ಕೆಳಗ ಇಳಿಯೋ, ಹೋಗೇತದು."

ಶೇಂಗಾ ಕಿತ್ತರು. ಹೊಲ ನೀಲವ್ವನವರದೇ ಉಳಿಯಿತು. ನಮಗೆ ಹೊಸ ರಿವಾಲ್ವರಿನ ವ್ಯಾಪಾರ ತಪ್ಪಿತು. ಆ ಲೆಕ್ಕದಲ್ಲಿ ಅದು ನಮ್ಮ ಅಂಗಡಿಯ ಅತ್ಯಂತ ಕೆಟ್ಟ ದಿನ, ಮತ್ತು ನಾವಿಬ್ಬರೂ ವಾಪಸು ಬರುವಾಗ ಬಸ್ಸಿನ ತುಂಬ ನಕ್ಕ ದಿನ. ಅಪ್ಪನ ದೊಡ್ಡ ರಿವಾಲ್ವರನ್ನು ನೀಲವ್ವ ಮಾರಲಿಲ್ಲ. ಚಾಚಾ ವರ್ಷಕ್ಕೊಮ್ಮೆ ಎಣ್ಣೆ ಹಾಕಿ ಕೊಡುತ್ತಿದ್ದರು. ಕರಡಿಯ ಸೀಮೆಗೆ ಯಾವ ರಿವಾಲ್ವರ್ ಒಳ್ಳೆಯದು ಎಂದು ಆಮೇಲೆ ಯಾರು ಕೇಳಿದರೂ ಚಾಚಾ ಮೊದಲು ಗಿರಾಕಿಯ ಕೈ ನೋಡುವ ಬದಲು, "ಒಮ್ಮೆ ಗಟ್ಟಿಯಾಗಿ ಒದರು, ನೋಡೂಣು," ಅನ್ನತೊಡಗಿದರು. ನಮ್ಮ ವೃತ್ತಿಯಲ್ಲಿ ನಾನು ಕಂಡ ದೊಡ್ಡ ಸುಧಾರಣೆ ಇದೇ.

ಚಾಚಾನ ಕಣ್ಣು ಮಂಜಾಗುತ್ತ ಬಂತು. ಬಂದೂಕಿನ ಕೆಲಸಕ್ಕೆ ಮಂಜು ಕಣ್ಣು ನಡೆಯುವುದಿಲ್ಲ, ಅದನ್ನು ಅವರೇ ಹೇಳಿ ಅವರೇ ಬಾಗಿಲು ಹಾಕಿದರು. ಶಾಲಿನ ಕತೆ ಆಗಲೇ ಹೇಳಿದ್ದೇನೆ. ಆದರೆ ಸೀತಾಫಲದ ಕಾಲ ಬಂತೆಂದರೆ ಹಿರೇವಡ್ಡಟ್ಟಿಯಿಂದ ಫೋನು ಬರುತ್ತದೆ, ಫೋನಿಲ್ಲದಿದ್ದರೂ ಕೇಳಿಸುತ್ತಿತ್ತೇನೋ. "ತಮ್ಮಾ, ಬಾರೋ. ಮಂದಿ ಕಡಿಮಿ ಅದಾರು, ಸಪ್ಪಳ ಸಾಲಂಗಿಲ್ಲ."

ಮನುಷ್ಯರ ಮುಂದೆ ಕರಡಿಯಾಗುತ್ತಿದ್ದವನು ಈಗ ಕರಡಿಯ ಮುಂದೆ ಹತ್ತಾರು ಮನುಷ್ಯರಾಗುತ್ತೇನೆ. ಹಳ್ಳದ ದಾರಿಯಲ್ಲಿ ಆಳುಗಳ ಮುಂದೆ ನಾನೊಬ್ಬನೇ ಒಂದು ಸಂತೆಯಾಗಿ ನಡೆಯುತ್ತೇನೆ. ಹೊಂಬಳದ ಗೌಡರು ಸೊರಗಿದ ಬಂದೂಕಿನ ಕ್ಷೇಮ ಕೇಳುತ್ತಾರೆ, ಸುಬೇದಾರರು ದುಪಟ್ಟಾಕ್ಕೆ ಢಂ ಅನ್ನುತ್ತಾರೆ, ಸಾಹುಕಾರರು "ಯವ್ವಾ" ಎಂದು ನೀರಿಗೆ ಬೀಳುತ್ತಾರೆ, ಬಸಣ್ಣ ಬಾನೆಟ್ಟಿನ ಮೇಲಿಂದ ನಡುಗುತ್ತಾನೆ. ನಿಜವಾದ ಬಸಣ್ಣ ಬಗಲಿನ ಹೊಲದಿಂದ, "ಲೇ, ನಾ ಅಷ್ಟ ನಡಗಿದ್ದಿಲ್ಲಲೇ!" ಎಂದು ಕೂಗುತ್ತಾನೆ, ಅದೂ ಒಂದು ಸಪ್ಪಳ ಸೇರಿದಂತಾಯಿತು.

ಈ ಸಲ ಚಾಚಾನೂ ಬಂದಿದ್ದರು, ಸೀತಾಫಲ ತಿನ್ನುವ ಆಸೆಗೆ. ಒಬ್ಬ ಹೆಣ್ಣುಮಗಳ ಕೈ ಹಿಡಿದು ಹಿಂದೆ ನಡೆಯುತ್ತಿದ್ದರು. ಹಳ್ಳ ಹತ್ತಿರವಾಗುತ್ತಲೇ ನಾನು ದನಿ ಇಳಿಸಿ, "ಖಾಲಿ ಬಂದೂಕು ಅಂಬೂದು ಈ ಜಗತ್ತಿನಾಗ ಇಲ್ಲ, ದಾವಲ್," ಅಂದು, ಎಡಗೈ ಎದೆಯ ಮೇಲಿಟ್ಟು ಉದ್ದಕ್ಕೆ ಕೆಮ್ಮಿದೆ.

ಹಿಂದಿನಿಂದ ಚಾಚಾ ಅಂದರು: "ಈಗ ಬರೊಬ್ಬರಿ ಬಂತು ನೋಡಪಾ."

ಹಳ್ಳದಾಚೆ ಒಣಕಡ್ಡಿ ಮುರಿಯುವ ಸದ್ದು ಗುಡ್ಡದ ಕಡೆ ಏರುತ್ತ ಹೋಯಿತು. ನೀಲವ್ವ, ರೂಢಿ ತಪ್ಪಬಾರದೆಂದು, ತೋರುಬೆರಳು ಚಾಚಿ ಒಮ್ಮೆ "ಢಂ!" ಅಂದರು.

ನಾನು ಬಿದ್ದೆ.